ಅನಂತರಾಜುವಿನ ಲಾರಿಯ ಕುಡಿತ

ಅಕ್ಕೂರಿನ ಅನಂತರಾಜುವಿಗೆ ಐವತ್ನಾಲ್ಕು ವರ್ಷ, ಅವನ ಲಾರಿಗೆ ಇಪ್ಪತ್ತಾರು. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು, ಎಡಮಂಡಿ ನೋವಿತ್ತು. ಆದರೂ ಎದುರಿಗೆ ಸಿಕ್ಕವರು ಕೇಳುತ್ತಿದ್ದದ್ದು ಲಾರಿಯ ಯೋಗಕ್ಷೇಮವನ್ನೇ. "ಏನ್ ರಾಜಣ್ಣ, ಇವತ್ತೆಷ್ಟು ಕುಡೀತು?" ಅವನೂ ಆಸ್ಪತ್ರೆಯಿಂದ ಬಂದವನ ಹಾಗೆ ನಿಂತು, "ಒಂದು ಲೀಟ್ರು ಕಣಪ್ಪ, ಒಸೀನೂ ಕಮ್ಮಿ ಆಗಿಲ್ಲ" ಎಂದು ಉತ್ತರ ಕೊಡುತ್ತಿದ್ದ.

ಕುಡಿಯುತ್ತಿದ್ದದ್ದು ಇಂಜಿನ್ ಆಯಿಲ್. ಮೂತಿ ಮುಂದಕ್ಕೆ ಚಾಚಿದ ಹಳೇ ಕಾಲದ ಆರು ಚಕ್ರದ ಲಾರಿ ಅದು. ಕನಕಪುರದ ಕಡೆಯಿಂದ ಸೈಜುಗಲ್ಲು ತುಂಬಿಕೊಂಡು ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಸುರಿಯುವುದು ಅದರ ಕೆಲಸ. ಅಲ್ಲಿನ ಫ್ಯಾಕ್ಟರಿಗಳ ಕಾಂಪೌಂಡುಗಳಲ್ಲಿ ಅರ್ಧಕ್ಕರ್ಧ ತಾನು ಹೊತ್ತು ತಂದ ಕಲ್ಲೇ ಎಂದು ಅನಂತರಾಜು ಹೇಳಿಕೊಳ್ಳುತ್ತಿದ್ದ. ಒಳಗೆ ತಯಾರಾಗುವ ಹೊಸ ಕಾರುಗಳಿಗೆ ಈ ಉಪಕಾರದ ನೆನಪೇ ಇಲ್ಲವೆಂಬ ಕೊರಗೂ ಅವನಿಗಿತ್ತು.

ಬೇರೆ ಊರಾಗಿದ್ದರೆ ಲಾರಿ ಒಸಿ ಆಯಿಲ್ ಕುಡಿದು ನೀಲಿ ಹೊಗೆ ಬಿಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಕ್ಕೂರಿನಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳ. ಹುಳ ಮನೆಯಲ್ಲಿದ್ದರೆ ಮನುಷ್ಯರು ಉಸಿರಾಡುವುದಕ್ಕೂ ಅಪ್ಪಣೆ ಕೇಳಬೇಕು. ಬೀಡಿ ಹಚ್ಚುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಪಕ್ಕದ ಮನೆಯವಳು ಜಗಳಕ್ಕೆ ಬರುತ್ತಾಳೆ. ಸೆಂಟು ಹಾಕಿಕೊಂಡು ಬಂದ ಹೊಸ ಅಳಿಯನಿಗೆ ಬೀದಿಯಲ್ಲೇ ಎಲೆ ಹಾಕಿದ ಊರು ಅದು. ಇಂಥ ಊರ ನಟ್ಟನಡುವೆ ಈ ಲಾರಿ ಬೆಳಿಗ್ಗೆ ಬೆಳಿಗ್ಗೆ ಸ್ಟಾರ್ಟ್ ಆಗಿ, ಒಂದು ಬೀದಿ ತುಂಬುವಷ್ಟು ನೀಲಿ ಹೊಗೆ ಕಕ್ಕಿದರೆ ಸುಮ್ಮನಿರುತ್ತಾರೆಯೇ?

ಎರಡು ವರ್ಷದ ಹಿಂದೆ ಊರವರು ಅರಳಿಕಟ್ಟೆಯಲ್ಲಿ ಸೇರಿ ತೀರ್ಮಾನ ಮಾಡಿದರು. ಪಂಚಾಯಿತಿಯ ಮಾಜಿ ಮೆಂಬರ್ ನಟರಾಜು ಎದ್ದು ನಿಂತು ತೀರ್ಪು ಓದಿದ. ಲಾರಿ ಊರೊಳಗೆ ಸ್ಟಾರ್ಟ್ ಆಗಕೂಡದು. ಊರ ಮೇಲ್ತುದಿಯಲ್ಲಿ, ಬೋರೇಶ್ವರನ ಗುಡಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿಕೊಂಡು ನಿಲ್ಲಬೇಕು. ಬೆಳಿಗ್ಗೆ ಇಂಜಿನ್ ಆಫ್ ಇದ್ದಂತೆಯೇ ಊರು ದಾಟಿ ಉರುಳಿಕೊಂಡು ಹೋಗಿ, ಕೆಳಗಿನ ಕೆರೆ ಏರಿ ಮುಟ್ಟಿದ ಮೇಲೆ ಸ್ಟಾರ್ಟ್ ಆಗಬೇಕು. ಸಂಜೆ ಬಂದಾಗ ಏರಿಯ ಮೇಲೇ ನಿಂತುಬಿಡಬೇಕು. ನಟರಾಜುವಿನ ಟ್ರಾಕ್ಟರು ಬಂದು ಅದನ್ನು ಗುಡಿಯ ತನಕ ಎಳೆದುಕೊಂಡು ಹೋಗುತ್ತದೆ.

"ನಿನ್ ಟ್ರಾಕ್ಟರೂ ಹೊಗೆ ಬುಡ್ತದಲ್ಲಲೇ ನಟರಾಜ?" ಎಂದು ಅನಂತರಾಜು ಕೇಳಿದ.

"ನಂದು ಕರೀ ಹೊಗೆ ಕಣ್ಲಾ, ಡೀಸಲ್ದು. ಹುಳಕ್ಕೆ ಅದು ಅಭ್ಯಾಸ ಆಗೈತೆ. ನಿಂದು ನೀಲಿ" ಎಂದ ನಟರಾಜು. ಸಭೆ ತಲೆದೂಗಿತು. ಹುಳ ಬಣ್ಣ ನೋಡಿ ಸಾಯುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾಜಿಯಾದರೂ ಮೆಂಬರ್ ಮೆಂಬರೇ.

ಅಂದಿನಿಂದ ಅಕ್ಕೂರಿನ ಬೆಳಗಾಗುತ್ತಿದ್ದ ರೀತಿಯೇ ಬೇರೆ. ಸೂರ್ಯ ಹುಟ್ಟುವ ಹೊತ್ತಿಗೆ ಅನಂತರಾಜು ಗುಡಿಯ ಹತ್ತಿರ ಹೋಗಿ, ಬಾನೆಟ್ ಎತ್ತಿ, ಇಂಜಿನ್ನಿನ ಹಿಂಬದಿಯಲ್ಲಿರುವ ಆಯಿಲ್ ಕಡ್ಡಿಯನ್ನು ಎಳೆದು ನೋಡುತ್ತಿದ್ದ. ಆಯಿಲ್ ಎಷ್ಟಿದೆಯೆಂದು ತೋರಿಸುವುದು ಆ ಕಡ್ಡಿಯೇ. ಒಣಗಿ ನಿಂತಿರುತ್ತಿತ್ತು. ಒಂದು ಲೀಟರ್ ಸುರಿಯುತ್ತಿದ್ದ. ಆಮೇಲೆ, ಇಂಜಿನ್ ಆಫ್ ಇದ್ದರೆ ಬ್ರೇಕಿಗೆ ಗಾಳಿ ಇರುವುದಿಲ್ಲವೆಂದು ಎಂಟು ಜನ ಹಿಂದಿನಿಂದ ದಪ್ಪ ಹಗ್ಗ ಹಿಡಿದು, ಕಾಲು ಊರಿಕೊಂಡು, ಲಾರಿಯನ್ನು ಮೆಲ್ಲಗೆ ಇಳಿಬಿಡುತ್ತಿದ್ದರು. ಆರೂವರೆ ಟನ್ನಿನ ಗಾಡಿ ಸದ್ದಿಲ್ಲದೆ ಹುಳದ ಮನೆಗಳ ಮುಂದೆ ಹಾದು ಹೋಗುತ್ತಿತ್ತು. ಹುಳಕ್ಕೆ ಕಿವಿಯಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ ಹಗ್ಗ ಹಿಡಿದವರು ಪಿಸುಮಾತಿನಲ್ಲೇ ಬೈದಾಡಿಕೊಳ್ಳುತ್ತಿದ್ದರು. ಕೆರೆ ಏರಿಯ ಹತ್ತಿರ ಅನಂತರಾಜುವಿನ ಹೆಂಡತಿ ಬೋರಮ್ಮ ಎಂಟು ಲೋಟ ಕಾಫಿ ಹಿಡಿದು ನಿಂತಿರುತ್ತಿದ್ದಳು. ಕಾಫಿ ಕುಡಿದು ಅವರು ಹೋದ ಮೇಲೆ ಲಾರಿ ಸ್ಟಾರ್ಟ್ ಆಗುತ್ತಿತ್ತು, ಕೆರೆಯ ಮೇಲೆ ನೀಲಿ ಹೊಗೆ ಹರಡುತ್ತಿತ್ತು, ಕೊಕ್ಕರೆಗಳು ಎದ್ದು ಹಾರಿಹೋಗುತ್ತಿದ್ದವು.

ಅನಂತರಾಜು ಸುಮ್ಮನೆ ಕುಳಿತಿರಲಿಲ್ಲ. ಆ ತೀರ್ಮಾನವಾದ ತಿಂಗಳಲ್ಲೇ ಚನ್ನಪಟ್ಟಣದ ಮೆಕ್ಯಾನಿಕ್ ಗಫಾರ್ ಸಾಬರಲ್ಲಿಗೆ ಹೋಗಿ ಇಂಜಿನ್ ಬಿಚ್ಚಿಸಿದ. ಪಿಸ್ಟನ್ನಿನ ರಿಂಗುಗಳು ನಿಜಕ್ಕೂ ಸವೆದಿದ್ದವು. ಗಫಾರ್ ಹಳೇ ಆಯಿಲನ್ನೆಲ್ಲ ಡ್ರಮ್ಮಿಗೆ ಇಳಿಸಿ, ಹೊಸ ಲೈನರ್, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ, ಅಳತೆಗೆ ಸರಿಯಾಗಿ ಹೊಸ ಆಯಿಲ್ ತುಂಬಿ ಕೊಟ್ಟರು. ಅವರ ಗ್ಯಾರೇಜಿನಂಗಳದಲ್ಲಿ ಲಾರಿ ಒಂದು ಎಳೆ ಹೊಗೆಯನ್ನೂ ಬಿಡಲಿಲ್ಲ. ಅನಂತರಾಜು ಖುಷಿಯಿಂದ ಊರಿಗೆ ಬಂದ. ಊರವರು ಮಾತ್ರ, "ಒಂದೆರಡು ತಿಂಗ್ಳು ನೋಡವ, ಅಲ್ಲಿವರ್ಗೂ ಗುಡಿ ತಾವ್ಲೇ ನಿಲ್ಸು" ಎಂದರು. ನಿಲ್ಲಿಸಿದ. ಮಾರನೇ ಬೆಳಿಗ್ಗೆ ಕಡ್ಡಿ ಎಳೆದು ನೋಡಿದರೆ ಒಣಗಿದೆ! ಒಂದು ಲೀಟರ್ ಸುರಿದ. ವಾರದೊಳಗೆ ನೀಲಿ ಹೊಗೆ ಮತ್ತೆ ಬಂತು.

ಗಫಾರ್ ಮತ್ತೆ ಬಿಚ್ಚಿದರು. ಮತ್ತೆ ಜೋಡಿಸಿದರು. ಮೂರನೇ ಸಲವೂ ಬಿಚ್ಚಿದರು. ಪ್ರತಿ ಸಲವೂ ಅದೇ ಕಥೆ. ಅಂಗಳದಲ್ಲಿ ಸಾಧು, ಅಕ್ಕೂರಿಗೆ ಬಂದರೆ ಕುಡುಕ. "ನನ್ ಕೆಲ್ಸದಾಗೆ ಫಾಲ್ಟಿಲ್ಲ ಅಣ್ಣ. ಫಾಲ್ಟು ನಿಮ್ಮೂರಾಗೇ ಐತೆ" ಎಂದು ಗಫಾರ್ ಕೈಮುಗಿದರು. ಅಷ್ಟರಲ್ಲಿ ಚನ್ನಪಟ್ಟಣದ ಗ್ಯಾರೇಜುಗಳ ಸಾಲಿನಲ್ಲಿ, ಗಫಾರ್ ರಿಂಗ್ ಹಾಕಿದರೆ ಹೊಗೆ ಗ್ಯಾರಂಟಿ ಎಂಬ ಮಾತು ಹುಟ್ಟಿಕೊಂಡಿತ್ತು. ಇಪ್ಪತ್ತೈದು ವರ್ಷ ಗಳಿಸಿದ ಹೆಸರು ಆ ಮನುಷ್ಯನದು. ರಾತ್ರಿ ನಿದ್ದೆ ಬಾರದೆ ಒದ್ದಾಡುತ್ತಿದ್ದರಂತೆ.

ಫಾಲ್ಟು ಊರಿನದ್ದೇ ಎಂದಮೇಲೆ ಊರಿನವರಿಗೆ ಹುರುಪು ಬಂತು. ಒಬ್ಬರು ದೃಷ್ಟಿಯೆಂದರು, ನಿಂಬೆಹಣ್ಣು ಕಟ್ಟಿದರು. ಇನ್ನೊಬ್ಬರು, ಅನಂತರಾಜು ಕೊಳ್ಳುವುದಕ್ಕೆ ಮುಂಚೆ ಈ ಲಾರಿ ಓಡಿಸುತ್ತಿದ್ದ ಡ್ರೈವರು ಭಾರೀ ಕುಡುಕನಾಗಿದ್ದ, ಅವನ ಚಾಳಿ ಗಾಡಿಗೆ ಹತ್ತಿದೆ ಎಂದರು. ಈ ಮಾತು ಅನಂತರಾಜುವಿನ ಮನಸ್ಸಿಗೆ ನಾಟಿತು. ನಗಬೇಡಿ, ಮೂರು ಸಲ ಇಂಜಿನ್ ಬಿಚ್ಚಿಸಿದವನಿಗೆ ಯಾವ ಮಾತು ಬೇಕಾದರೂ ನಾಟುತ್ತದೆ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಹುಚ್ಚಯ್ಯ ಎಂಬ ಹಿರಿಯರು ಕುಡಿತ ಬಿಡಿಸುವ ಪುಡಿ ಕೊಡುತ್ತಾರೆಂದು ಕೇಳಿ ಅಲ್ಲಿಗೂ ಹೋದ.

"ಯಾರಿಗೆ?" ಎಂದರು ಹುಚ್ಚಯ್ಯ.

"ನಮ್ ಲಾರಿಗೆ."

ಹುಚ್ಚಯ್ಯ ಹುಬ್ಬು ಕೂಡ ಎತ್ತಲಿಲ್ಲ. "ವಯಸ್ಸು?"

"ಇಪ್ಪತ್ತಾರು."

"ದಿನಕ್ಕೆಷ್ಟು?"

"ಒಂದು ಲೀಟ್ರು. ಬೆಳಿಗ್ಗೆ ಎದ್ದೇಟ್ಗೇ ಬೇಕು."

"ತಾನಾಗೇ ಹೋಗಿ ಕುಡೀತದೋ, ಯಾರಾರ ಹುಯ್ದು ಕೊಡ್ತಾರೋ?"

"ನಾನೇ ಹುಯ್ತೀನಿ."

"ಹಂಗಾದ್ರೆ ಪುಡಿ ನೀವು ತಗಳಿ" ಎಂದು ಹುಚ್ಚಯ್ಯ ಮೂರು ಪೊಟ್ಟಣ ಕಟ್ಟಿ ಅನಂತರಾಜುವಿನ ಕೈಗಿಟ್ಟರು.

ವೈದ್ಯರು ಹೇಳಿದ ಮೇಲೆ ಮೀರುವುದುಂಟೇ? ಅನಂತರಾಜು ಮಜ್ಜಿಗೆಯಲ್ಲಿ ಕಲಸಿ ಕುಡಿದ. ಹೊಟ್ಟೆ ಕೆಟ್ಟು ಮೂರು ದಿನ ಮನೆ ಬಿಟ್ಟು ಹೊರಗೆ ಬರಲಾಗಲಿಲ್ಲ. ಆ ಮೂರು ದಿನವೂ ಲಾರಿ ನಿಂತಲ್ಲೇ ನಿಂತಿತ್ತು, ಹೊಗೆ ಬರಲಿಲ್ಲ. ಪುಡಿ ಹಿಡಿಯಿತು ಎಂದು ಊರೆಲ್ಲ ಕೊಂಡಾಡಿತು. ನಾಲ್ಕನೇ ದಿನ ಕೆರೆಯ ಕೊಕ್ಕರೆಗಳು ಮತ್ತೆ ಎದ್ದು ಹಾರಿದವು.

ಇಷ್ಟರವರೆಗೆ ನಗುವ ಮಾತಾಯಿತು. ಆದರೆ ಬೋರಮ್ಮನ ಮಟ್ಟಿಗೆ ಇದು ನಗುವ ವಿಷಯವಾಗಿರಲಿಲ್ಲ. ಅನಂತರಾಜುವಿನ ಮನೆ ಊರ ಕೆಳತುದಿಯಲ್ಲಿ, ಕೆರೆ ಏರಿಗೆ ಎಲ್ಲಕ್ಕಿಂತ ಹತ್ತಿರದ ಮನೆ. ಊರವರ ಹುಳವನ್ನೆಲ್ಲ ಉಳಿಸುವುದಕ್ಕೆಂದು ಏರಿಯ ಮೇಲೆ ಸ್ಟಾರ್ಟ್ ಮಾಡುತ್ತಿದ್ದ ಲಾರಿಯ ಹೊಗೆ ಗಾಳಿಗೆ ತಿರುಗಿ ಬಂದು ನುಗ್ಗುತ್ತಿದ್ದದ್ದು ಅವಳ ಹುಳದ ಮನೆಗೇ. ಹೋದ ಕಾರ್ತಿಕದಲ್ಲಿ ಅವಳ ಒಂದು ಬೆಳೆ ಪೂರ್ತಿ ಕೈಬಿಟ್ಟಿತು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ದಪ್ಪಗೆ ತಿಂದು, ಇನ್ನೇನು ಗೂಡು ಕಟ್ಟಬೇಕೆನ್ನುವ ಹೊತ್ತಿಗೆ ಹುಳಗಳು ಚಂದ್ರಿಕೆಯ ಬಿದಿರು ತಟ್ಟೆಯ ಮೇಲೇ ಕಪ್ಪಾಗಿ ನೇತುಬಿದ್ದವು. ಇಪ್ಪತ್ತಾರು ದಿನ ನಿದ್ದೆಗೆಟ್ಟು ಸಾಕಿದವಳು ಅವನ್ನು ಗುಡಿಸಿ ಮಂಕರಿಗೆ ತುಂಬಿ, ತಿಪ್ಪೆಗುಂಡಿಗೆ ಹಾಕಿ ಬಂದು, ಹುಳದ ಮನೆಯ ಹೊಸ್ತಿಲ ಮೇಲೆ ಕೂತು ಅತ್ತಳು. ಅವಳು ಅಳುವುದನ್ನು ಅನಂತರಾಜು ಮದುವೆಯಾದ ಮೇಲೆ ನೋಡಿದ್ದು ಅದು ಎರಡನೇ ಸಲ.

ಈ ಸಲ ಹೊಸ ಚಾಕಿ ಹುಳ, ಅಂದರೆ ಮರಿಹುಳ, ತಂದ ದಿನವೇ ಅವಳು ಹೇಳಿಬಿಟ್ಟಳು. "ನೋಡ್ರಿ, ಈ ಬೆಳೆನೂ ಹೋದ್ರೆ ಲಾರಿ ಗುಜರಿಗೆ. ಬೋರಪ್ಪನ ಆಣೆ."

ಗುಜರಿ ವ್ಯಾಪಾರಿ ಸಮದ್‌ಗೆ ಈ ಸುದ್ದಿ ಹೇಗೆ ಮುಟ್ಟಿತೋ. ಮಂಗಳವಾರ ಮಂಗಳವಾರ ಬರತೊಡಗಿದ. ಬಂದವನು ಲಾರಿಯನ್ನು ಟೇಪಿನಲ್ಲಿ ಅಳೆಯುತ್ತಿದ್ದ. ಹೋದ ವಾರಕ್ಕಿಂತ ಈ ವಾರ ಅದು ಬೆಳೆದಿರಬಹುದು ಎನ್ನುವ ಹಾಗೆ ಪ್ರತಿ ಸಲವೂ ಅಳೆಯುತ್ತಿದ್ದ. "ಬೇಜಾರ್ ಮಾಡ್ಕೋಬೇಡಿ ಅಣ್ಣ, ಎಲ್ರಿಗೂ ಒಂದಿನ ಇದ್ದದ್ದೇ" ಎಂದು ಸಮಾಧಾನವನ್ನೂ ಹೇಳುತ್ತಿದ್ದ. ಅನಂತರಾಜುವಿಗೆ ಅವನ ಕತ್ತು ಹಿಸುಕಬೇಕೆನ್ನಿಸುತ್ತಿತ್ತು. ಆ ಲಾರಿಯ ಸ್ಟೇರಿಂಗು ಹಿಡಿದೇ ಅವನು ಮಗಳು ದಿವ್ಯಳನ್ನು ಓದಿಸಿ ಮದುವೆ ಮಾಡಿದ್ದ, ಹುಳದ ಮನೆ ಕಟ್ಟಿಸಿದ್ದ. ಅದನ್ನು ಕಬ್ಬಿಣದ ತೂಕಕ್ಕೆ ಹಾಕುವುದು ಅವನಿಗೆ ಒಗ್ಗದ ಮಾತಾಗಿತ್ತು. ಹಾಗೆಂದು ಬೋರಮ್ಮನ ಮಾತು ತಪ್ಪೆಂದು ಹೇಳುವ ಬಾಯಿಯೂ ಅವನಿಗಿರಲಿಲ್ಲ.

ಹುಳ ನಾಲ್ಕನೇ ಜ್ವರ ಎದ್ದ ದಿನ, ಇನ್ನು ಅವು ಚಂದ್ರಿಕೆ ಹತ್ತುವವರೆಗೆ ಲಾರಿ ಊರ ಕಡೆ ತಲೆ ಹಾಕಬಾರದೆಂದು ಅವಳು ಅಪ್ಪಣೆ ಮಾಡಿದಳು. ಅನಂತರಾಜು ಎರಡು ಪಂಚೆ, ಒಂದು ಟವೆಲ್ ಚೀಲಕ್ಕೆ ಹಾಕಿಕೊಂಡು ಲಾರಿಯ ಜೊತೆ ಗಫಾರರ ಗ್ಯಾರೇಜಿಗೆ ಹೋಗಿ ಬಿಡಾರ ಹೂಡಿದ. ಗಫಾರ್ ದೂರದಿಂದಲೇ ಕೈ ಅಡ್ಡ ಹಿಡಿದರು. "ನಾಲ್ಕನೇ ಸಲ ಬಿಚ್ಚಲ್ಲ ಅಣ್ಣ. ಬಿಚ್ಚಿ ಬಿಚ್ಚಿ ಬೋಲ್ಟಿನ ತಲೇನೇ ಸವೆದೋಗೈತೆ. ಸುಮ್ಕೆ ನಿಲ್ಸ್ಕೊಳಿ ಬೇಕಾದ್ರೆ."

ನಿಲ್ಲಿಸಿಕೊಂಡ. ಮಾರನೇ ಬೆಳಿಗ್ಗೆ ಅಭ್ಯಾಸದಂತೆ ಎದ್ದು ಕಡ್ಡಿ ಎಳೆದು ನೋಡಿದ. ಆಯಿಲ್ ಮೇಲಿನ ಗುರುತನ್ನೂ ದಾಟಿ, ಕಡ್ಡಿಯ ಕತ್ತಿನವರೆಗೆ ಹತ್ತಿತ್ತು. ಚನ್ನಪಟ್ಟಣದ ನೀರಿನ ಗುಣವಿರಬೇಕು ಎಂದುಕೊಂಡ. ಎರಡನೇ ದಿನವೂ ಹಾಗೇ ಇತ್ತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಆಯಿಲ್ ಸುರಿದ ಕೈ, ಸುರಿಯದಿದ್ದರೆ ಕಾಫಿ ಕುಡಿಯದ ತಲೆಯ ಹಾಗೆ ಚಡಪಡಿಸತೊಡಗಿತು. ಮೂರನೇ ದಿನ ತಡೆಯಲಾಗಲಿಲ್ಲ. ಡಬ್ಬ ತೆಗೆದು, ಇಂಜಿನ್ನಿನ ಮುಚ್ಚಳ ಬಿಚ್ಚಿದ.

"ಏನ್ ಮಾಡ್ತಾ ಇದ್ದೀರಾ?" ಟೀ ಹಿಡಿದು ಬಂದ ಗಫಾರ್ ಕೇಳಿದರು.

"ದಿನದ್ದು ಒಂದು ಲೀಟ್ರು ಹುಯ್ಯನ ಅಂತ."

"ಕಡ್ಡಿ ನೋಡಿದ್ರಾ?"

"ನೋಡ್ದೆ. ಇಲ್ಲಿ ತುಂಬಿರ್ತದೆ ಸಾಬ್ರೆ. ಊರಲ್ಲಾದ್ರೆ ಒಣಗಿರ್ತದೆ."

ಗಫಾರ್ ಟೀ ಲೋಟವನ್ನು ಬಾಯಿಗಿಡುವುದನ್ನು ನಿಲ್ಲಿಸಿದರು. "ಊರಾಗೆ ಎಲ್ಲಿ ನಿಲ್ಸಿ ನೋಡ್ತೀರಾ?"

"ಗುಡಿ ಇಳಿಜಾರಲ್ಲಿ. ಮೂತಿ ಕೆಳಗೆ ಮಾಡಿ."

ಗಫಾರ್ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಸಿದು ಕೂತರು. ಅರ್ಧ ಟೀ ಇದ್ದ ಗಾಜಿನ ಲೋಟವನ್ನು ಮುಂದಕ್ಕೆ ಬಾಗಿಸಿ ಹಿಡಿದು, ಹಿಂದಿನ ಅಂಚಿನಲ್ಲಿ ಒಂದು ಸ್ಪ್ಯಾನರ್ ಇಳಿಬಿಟ್ಟು ತೆಗೆದು ತೋರಿಸಿದರು. ಸ್ಪ್ಯಾನರ್ ಒಣಗಿತ್ತು. ಟೀ ಎಲ್ಲ ಮುಂದಕ್ಕೆ ಹೋಗಿ ನಿಂತಿತ್ತು. ಲೋಟ ನೆಟ್ಟಗೆ ಮಾಡಿ ಮತ್ತೆ ಅದ್ದಿ ತೋರಿಸಿದರು. ಸ್ಪ್ಯಾನರಿನಿಂದ ಟೀ ತೊಟ್ಟಿಕ್ಕಿತು.

ಅನಂತರಾಜುವಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು, ಆಮೇಲೆ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟ. ಇಂಜಿನ್ ಎರಡು ವರ್ಷದ ಹಿಂದೆಯೇ ರಿಪೇರಿಯಾಗಿತ್ತು. ಹೊಗೆ ಬರುತ್ತದೆಂದು ಇಳಿಜಾರಿನಲ್ಲಿ ನಿಲ್ಲಿಸಿದರು. ಇಳಿಜಾರಿನಲ್ಲಿ ಕಡ್ಡಿ ಒಣಗಿರುತ್ತದೆಂದು ಅವನು ಆಯಿಲ್ ಸುರಿದ. ಸುರಿದದ್ದು ಹೆಚ್ಚಾಗಿ, ಹಿಡಿಸಲಾರದೆ, ಲಾರಿ ಅದನ್ನು ಸುಟ್ಟು ಹೊಗೆ ಮಾಡಿ ಕಕ್ಕಿತು. ಹೊಗೆ ಬಂತೆಂದು ಮತ್ತೆ ಇಳಿಜಾರಿನಲ್ಲೇ ನಿಲ್ಲಿಸಿದರು. ಎಂಟು ಜನ ಹಗ್ಗ ಹಿಡಿದದ್ದು, ಟ್ರಾಕ್ಟರ್ ಎಳೆದದ್ದು, ಹುಚ್ಚಯ್ಯನವರ ಪುಡಿ ತಿಂದದ್ದು, ಎಲ್ಲವೂ ಇದಕ್ಕೇ.

ಗಫಾರ್ ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರು. ಈ ಸಲ ಅಳೆದು ನೋಡಿದರು. ಹತ್ತು ಲೀಟರ್ ಹಿಡಿಯುವ ಇಂಜಿನ್ನಿನಿಂದ ಹದಿನಾಲ್ಕು ಲೀಟರ್ ಬಂತು. "ನೀವು ಹುಯ್ಯೋ ಲೆಕ್ಕಕ್ಕೆ ಇಷ್ಟು ಉಳೀಬಾರ್ದು. ಬೇರೆ ಯಾರೂ ಹುಯ್ಯಲ್ವಾ?" ಎಂದರು. "ಇದ್ಕೆ ಹುಯ್ಯೋ ಹುಚ್ಚ ಊರಿಗೊಬ್ಬನೇ ಸಾಬ್ರೆ" ಎಂದ ಅನಂತರಾಜು. ಅಳತೆಗೆ ಸರಿಯಾಗಿ ತುಂಬಿ, ರಾಮನಗರದವರೆಗೆ ಓಡಿಸಿಕೊಂಡು ಬಂದರು. ಹಿಂದೆ ಹೊಗೆಯೆಂಬುದು ಹೆಸರಿಗೂ ಇರಲಿಲ್ಲ.

ವಾಪಸ್ಸು ಬಂದ ಮೇಲೆ ಗಫಾರ್ ದನಿ ತಗ್ಗಿಸಿದರು. "ಅಣ್ಣ, ಒಂದು ಮಾತು. ಹೊಸ ತರದ ರಿಂಗ್ ಹಾಕ್ದೆ, ಸರಿಯಾಯ್ತು ಅಂತ ನಾನು ಹೇಳ್ತೀನಿ. ನೀವೂ ಹಂಗೇ ಹೇಳಿ. ನನ್ ಹೆಸ್ರೂ ಉಳೀತದೆ, ನಿಮ್ ಮರ್ಯಾದೇನೂ ಉಳೀತದೆ." ಮೂವತ್ತು ವರ್ಷ ಲಾರಿ ಓಡಿಸಿದವನು ಆಯಿಲ್ ನೋಡುವುದನ್ನು ತಿಳಿಯದೆ ಹೋದ ಎಂದು ಊರು ಆಡಿಕೊಳ್ಳುವುದನ್ನು ನೆನೆದು ಅನಂತರಾಜು ತಕ್ಷಣ ಒಪ್ಪಿಕೊಂಡ.

ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾದ ದಿನ ಬೋರಮ್ಮನ ಫೋನ್ ಬಂತು. ಅನಂತರಾಜು ಲಾರಿಯನ್ನು ಇಂಜಿನ್ ಆಫ್ ಮಾಡದೆ ಏರಿ ದಾಟಿಸಿ, ಊರೊಳಕ್ಕೇ ತಂದು ನಿಲ್ಲಿಸಿದ. ಊರು ಹೌಹಾರಿ ಓಡಿ ಬಂತು. ನಟರಾಜು ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದ. ಎರಡು ನಿಮಿಷ ಹಿಡಿದ. ಟವೆಲ್ ಹಾಗೇ ಬೆಳ್ಳಗಿತ್ತು, ಅವನ ಕೈ ಮಾತ್ರ ಸುಟ್ಟಿತ್ತು. "ಏನಾಗಿತ್ಲಾ?" ಎಂದು ಕೇಳಿದ. "ರಿಂಗು" ಎಂದ ಅನಂತರಾಜು. ನಿಂಬೆಹಣ್ಣು ಕಟ್ಟಿದವರು ಇದು ನಿಂಬೆಹಣ್ಣಿನ ಮಹಿಮೆ ಎಂದರು, ನಟರಾಜು ಟ್ರಾಕ್ಟರಿನ ಸಹವಾಸದಿಂದ ಗಾಡಿ ಬುದ್ಧಿ ಕಲಿಯಿತು ಎಂದ. ಅವತ್ತು ಮಂಗಳವಾರ. ಟೇಪು ಹಿಡಿದು ಬಂದಿದ್ದ ಸಮದ್, ಮುಖ ಸಣ್ಣದು ಮಾಡಿಕೊಂಡು ಬೇರೆ ಊರಿನ ಬಸ್ಸು ಹತ್ತಿದ.

ಹುಳದ ಮನೆಯಲ್ಲಿ ಬೋರಮ್ಮ ಹಣ್ಣು ಹುಳ ಆರಿಸುತ್ತಿದ್ದಳು. ಮೈ ತಿಳಿಯಾಗಿ, ಚಿನ್ನದ ಬಣ್ಣಕ್ಕೆ ತಿರುಗಿದ ಹುಳಗಳು. ಒಂದೂ ಸತ್ತಿರಲಿಲ್ಲ. ಅನಂತರಾಜು ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತು ತಾನೂ ಆರಿಸತೊಡಗಿದ.

"ಆ ಗಫಾರ್ ಸಾಬ್ರು ದೊಡ್ಡ ಮನ್ಸ. ಅವ್ರಿಗೆ ಒಂದು ಮೂಟೆ ರಾಗಿ ಕೊಟ್ಟು ಬನ್ನಿ. ನನ್ ಹುಳ ಉಳಿಸ್ಬುಟ್ರು" ಎಂದಳು ಬೋರಮ್ಮ.

ಊರ ಮುಂದೆ ಸುಲಭವಾಗಿ ಬಂದಿದ್ದ ಸುಳ್ಳು ಅವಳ ಮುಂದೆ ಬಾಯಿಗೆ ಬರಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತು ಅತ್ತದ್ದು ಕಣ್ಣ ಮುಂದೆ ಬಂತು. "ರಿಂಗಲ್ಲ ಕಣೆ" ಎಂದ. ಇಳಿಜಾರಿನ ಕಥೆ, ಟೀ ಲೋಟದ ಕಥೆ, ದಿನಾ ಸುರಿದ ಲೀಟರಿನ ಕಥೆ ಎಲ್ಲ ಹೇಳಿದ. "ಹೋದ ಬೆಳೇಲಿ ನಿನ್ ಹುಳನೆಲ್ಲ ಸಾಯ್ಸಿದ್ದು ನಾನೇ. ಈ ಕೈಯಾರ ಹುಯ್ದು ಸಾಯ್ಸ್ದೆ."

ಬೋರಮ್ಮನ ಕೈ ನಿಂತಿತು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ.

"ನಾನೂ ಹುಯ್ತಿದ್ದೆ" ಎಂದಳು.

"ಏನ?"

"ಆಯಿಲ್ನ. ಸಂಜೆ ಸೊಪ್ಪು ಕುಯ್ಕಂಡು ಗುಡಿ ಮುಂದ್ಲಿಂದ ಬರೋವಾಗ ಒಂದು ಚೊಂಬು ಹುಯ್ದು ಬತ್ತಿದ್ದೆ. ನಟರಾಜನ ಕೈಲೇ ಡಬ್ಬ ತರ್ಸಿ ಕೊಟ್ಟಿಗೇಲಿ ಹುಲ್ಲಿನಡಿ ಮಡಗಿದ್ದೆ. ಸಾತನೂರು ರೋಡಲ್ಲಿ ಯಾರ್ದೋ ಲಾರಿ ಆಯಿಲ್ ಖಾಲಿಯಾಗಿ, ಇಂಜಿನ್ ಕಚ್ಕಂಡು, ಮಗುಚ್ಕತು ಅಂದ್ರಲ್ಲ ಆವತ್ನಿಂದ. ನೀವು ಬೆಳಿಗ್ಗೆ ಮರೆತುಬುಟ್ಟು ಹೊಂಟ್ಬುಟ್ರೆ ಅಂತ ಭಯ."

ಅನಂತರಾಜು ಅವಳ ಕಡೆ ತಿರುಗಿದ. "ನೀನಾ? ಲಾರಿ ಗುಜರಿಗೆ ಅಂತ ಬೋರಪ್ಪನ ಮೇಲೆ ಆಣೆ ಇಟ್ಟೋಳು ನೀನೇ ಅಲ್ವೇನೆ?"

"ಲಾರಿ ಹೋಗ್ಲಿ ಅಂದೆ" ಎಂದಳು ಬೋರಮ್ಮ. "ನೀವು ಹೋಗ್ಲಿ ಅಂದ್ನಾ?"

ಅನಂತರಾಜು ಕಣ್ಣು ತುಂಬಿ ಬಂದು ಹಣ್ಣು ಹುಳ ಯಾವುದು, ಹಸಿ ಹುಳ ಯಾವುದು ಎಂದು ಗುರುತು ಸಿಗದೆ ಸುಮ್ಮನೆ ತಟ್ಟೆಯ ಮೇಲೆ ಕೈಯಾಡಿಸುತ್ತ ಕೂತ. ಬೋರಮ್ಮ ಅವನ ಕೈ ಸರಿಸಿ, ತಾನೇ ಆರಿಸಿ, ಒಂದೊಂದೇ ಹುಳವನ್ನು ಅವನ ಅಂಗೈಗೆ ಹಾಕತೊಡಗಿದಳು.